ಗೇಮ್ ಮೆಶಿನ್‌ನ ಹಲಸಿನ ಹಲಗೆಗೆ ಎನ್‌ಸಿ, ಅರಗು, ಪಿಯು: ಮೂರನ್ನೂ ಹಚ್ಚಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಕೈ ಊರಿ ಆಡುವ ಹಲಗೆಗೆ, ಅದೂ ನಮ್ಮ ಕುಂಬಳೆಯಂಥ ಕಡಲ ಬದಿಯ ಊರಿನಲ್ಲಿ, ಎರಡು ಡಬ್ಬಿಯ ಪಿಯುವೇ ಸರಿ. ಪಿಯು ಅಂದರೆ ಪಾಲಿಯುರೆಥೇನ್ ವಾರ್ನಿಶ್; ಒಂದು ಡಬ್ಬಿಯಲ್ಲಿ ಅದು, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ಎರಡನ್ನೂ ಕಲಸಿ ಹಚ್ಚುವುದು. ಅದರಲ್ಲೂ ಹೊಳಪಿಲ್ಲದ ಮ್ಯಾಟ್. ಇಷ್ಟು ತಿಳಿಯಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಮೆಶಿನ್ ಬಂದದ್ದು ಮುಚ್ಚಿಹೋದ ಒಂದು ವಿಡಿಯೋ ಗೇಮ್ ಅಂಗಡಿಯಿಂದ. ಒಳಗಿರುವ ಆಟ 1981ರ ಗ್ಯಾಲಗಾ, ಶತ್ರು ನೌಕೆಗಳಿಗೆ ಗುಂಡು ಹೊಡೆಯುವ ಆಟ. ಎಡ-ಬಲ ಮಾತ್ರ ಹೋಗುವ ಒಂದು ಜಾಯ್‌ಸ್ಟಿಕ್, ಗುಂಡು ಹಾರಿಸಲು ಒಂದು ಬಟನ್. ಕಂಟ್ರೋಲ್ ಪ್ಯಾನಲ್‌ನ ಮೂಲ ಹಲಗೆ ಯಾವಾಗಲೋ ಕುಂಬಾಗಿ, ಹಿಂದಿನವರು ಹಲಸಿನ ಮರದ್ದು ಮಾಡಿಸಿದ್ದರು. ಮೆಶಿನ್ ಮೇಲೆ ನನಗೆ ಮನಸ್ಸಾದದ್ದೇ ಆ ಹಲಗೆ ನೋಡಿ. ಬಟನ್‌ನ ಕೆಳಗೆ, ಬಲಗೈ ಊರುವ ಜಾಗದಲ್ಲಿ, ಅಂಗೈಯಗಲ ವಾರ್ನಿಶ್ ಪೂರ್ತಿ ಸವೆದು ಮರ ಕಪ್ಪಾಗಿತ್ತು. ಈ ಆಟದಲ್ಲಿ ಬಟನ್ ಒತ್ತಿ ಹಿಡಿದರೆ ಆಗುವುದಿಲ್ಲ, ಒಂದೊಂದು ಗುಂಡಿಗೂ ಒಂದೊಂದು ಸಲ ಒತ್ತಬೇಕು. ಎಷ್ಟು ಮಕ್ಕಳ ಬೆವರು ಅಲ್ಲಿ ಇಳಿದಿದೆಯೋ. ಹಾಗಾಗಿ ನನ್ನ ಪರೀಕ್ಷೆ ಒಂದೇ: ಆ ಜಾಗ ತಡೆಯಬೇಕು.

ವೈರ್‌ಗಳ ಫೋಟೋ ತೆಗೆದಿಟ್ಟು ಎಲ್ಲ ಬಿಚ್ಚಿದೆ. 120, 180, 220, ಈ ಕ್ರಮದಲ್ಲಿ ಸ್ಯಾಂಡ್ ಪೇಪರ್ ಉಜ್ಜಿದೆ. ಇದು ಮೂರಕ್ಕೂ ಒಂದೇ.

ಮೊದಲು ತಂದದ್ದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಬೇಗ ಒಣಗುತ್ತದೆ, ಶನಿವಾರ ಹಚ್ಚಿದರೆ ಭಾನುವಾರ ಸಂಜೆ ಆಡಬಹುದು ಎಂಬ ಆಸೆ. ಜುಲೈ ಕೊನೆಯ ವಾರ. ಬೆಳಿಗ್ಗೆ ಮಳೆ ಬಿಟ್ಟಿತ್ತು. ಒಂದು ಕೋಟ್ ಹೊಡೆದೆ. ಹಲಸಿನ ಹಳದಿ ಜೇನಿನ ಹಾಗೆ ಎದ್ದು ಬಂತು. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಒಂದು ಮೂಲೆಯಿಂದ ಬಿಳಿ ಮಬ್ಬು ಹಬ್ಬತೊಡಗಿತು. ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ. ಒರೆಸಿದರೆ ಹೋಗುವುದಿಲ್ಲ, ಅದು ಲ್ಯಾಕರ್‌ನ ಒಳಗೇ ಇದೆ.

ಡಬ್ಬಿ ಹಳೆಯದೇನೋ ಅಂದುಕೊಂಡೆ. ಹೊಸದು ತಂದೆ. ಮತ್ತೆ ಅದೇ. ಹಲಗೆಯಲ್ಲೇ ಪಸೆ ಉಳಿದಿದೆಯೇನೋ ಎಂದು ಎರಡು ದಿನ ಅಡುಗೆಮನೆಯ ಬೆಚ್ಚಗಿನ ಅಟ್ಟದಲ್ಲಿಟ್ಟು ಮೂರನೇ ಸಲ ಹೊಡೆದೆ. ಈ ಸಲ ಮಬ್ಬು ಇನ್ನೂ ದಪ್ಪ. ಕೊನೆಗೆ ಮನೆ ಬಾಗಿಲಿನ ಕೆಲಸ ಮಾಡಿಕೊಟ್ಟ ಆಚಾರಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: “ಎಂತ ಮಾಷ್ಟ್ರೇ, ಆಟಿಯಲ್ಲಿ ಲ್ಯಾಕರ್ ಹೊಡೆಯುವುದಾ ಮಾರಾಯ್ರೇ?”

ಆಟಿ ಅಂದರೆ ನಮ್ಮ ಕಡೆಯ ಜಡಿಮಳೆಯ ತಿಂಗಳು. ಕಾರಣ ಡಬ್ಬಿಯೂ ಅಲ್ಲ, ಮರವೂ ಅಲ್ಲ, ಗಾಳಿ. ಲ್ಯಾಕರನ್ನು ತೆಳ್ಳಗೆ ಮಾಡುವ ಥಿನ್ನರ್ ಬೇಗ ಹಾರುತ್ತದೆ. ಹಾರುವಾಗ ಹಲಗೆಯ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ನೀರಾಗಿ ಕೂತು ಲ್ಯಾಕರ್ ಒಳಗೆ ಸಿಕ್ಕಿಕೊಳ್ಳುತ್ತದೆ. ಕಾಸರಗೋಡಿನ ಜುಲೈಯಲ್ಲಿ ಒಣ ಗಾಳಿ ಎಲ್ಲಿಂದ ತರುವುದು? ನಿಧಾನ ಹಾರುವ ರಿಟಾರ್ಡರ್ ಥಿನ್ನರ್ ಸೇರಿಸಿದರೆ ಪರವಾಗಿಲ್ಲ ಎಂದರು. ಸೇರಿಸಿದೆ. ಮಬ್ಬು ಮುಕ್ಕಾಲು ಪಾಲು ಹೋಯಿತು, ಆದರೆ ಬಟನ್ ತೂತಿನ ಸುತ್ತ ಒಂದು ಬಿಳಿ ಉಂಗುರ ಹಾಗೇ ಉಳಿಯಿತು. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೂರು ವಾರ, ಎರಡು ಡಬ್ಬಿ, ಕೊನೆಗೆ ಥಿನ್ನರ್ ಅದ್ದಿದ ಬಟ್ಟೆಯಿಂದ ಅಷ್ಟನ್ನೂ ಒರೆಸಿ ತೆಗೆದೆ. ಅಷ್ಟು ಸುಲಭವಾಗಿ ಬಿಟ್ಟುಬರುವುದು ಎನ್‌ಸಿಯ ಒಳ್ಳೆಯ ಗುಣ, ಒಪ್ಪುತ್ತೇನೆ. ಜನವರಿಯಲ್ಲಿ, ಗೋಡೆಗೆ ತೂಗುಹಾಕುವ ಚೌಕಟ್ಟಿಗೆ ಬೇಕಾದರೆ ಹಚ್ಚಿ.

ಅರಗಿನ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಬಟ್ಟೆಯ ಉಂಡೆಯಿಂದ ಉಜ್ಜುವ ಫ್ರೆಂಚ್ ಪಾಲಿಶ್, ಮೂರರಲ್ಲಿ ಅತಿ ಚಂದ. ಖರ್ಚೂ ಕಡಿಮೆ. ಹಲಸಿನ ಎಳೆ ಎಳೆಯೂ ಕಾಣುತ್ತದೆ. ಹಲಸಿನದೇ ಬೇರೊಂದು ತುಂಡಿನ ಮೇಲೆ ಹಚ್ಚಿ ಜಗಲಿಯಲ್ಲಿಟ್ಟಿದ್ದೆ. ಅಕ್ಕನ ಮಗ ಬಂದವನು ಕೈಗೆ ಸ್ಯಾನಿಟೈಸರ್ ಹಾಕಿಕೊಂಡು, “ಮಾವ, ಇದು ಎಂತದ್ದು?” ಎಂದು ಅದರ ಮೇಲೆ ಕೈಯಿಟ್ಟ. ಕೈ ತೆಗೆಯುವಾಗ ಸಣ್ಣಗೆ ಅಂಟಿತು. ನಾಲ್ಕು ಬೆರಳು, ಅಂಗೈಯ ಗೆರೆ ಸಮೇತ ಅಚ್ಚು. ಅರಗು ಸ್ಪಿರಿಟ್‌ನಲ್ಲಿ ಕರಗುವಂಥದ್ದು, ಸ್ಯಾನಿಟೈಸರ್ ಕೂಡ ಅದೇ ಜಾತಿ. ಬಿಸಿ ಚಹಾದ ಲೋಟ ಇಟ್ಟರೂ ಬಿಳಿ ಬಳೆ ಬೀಳುತ್ತದೆ. ಆಡುವ ಹಲಗೆಗೆ ಇದು ಆಗುವುದಿಲ್ಲ. ಅಜ್ಜಿಯ ಕಾಲದ ಪೆಟ್ಟಿಗೆಗೆ ಮಾತ್ರ ನಾನು ಇನ್ನೂ ಇದನ್ನೇ ಹಚ್ಚುತ್ತೇನೆ.

ಪಿಯು ಹಚ್ಚಿದ್ದು ನವೆಂಬರ್‌ನಲ್ಲಿ, ಮಳೆ ಪೂರ್ತಿ ನಿಂತ ಮೇಲೆ. ಮೊದಲು ಮರದ ರಂಧ್ರ ಮುಚ್ಚುವ ಸೀಲರ್, ಒಣಗಿದ ಮೇಲೆ 320ರಲ್ಲಿ ಹಗುರ ಉಜ್ಜು, ಆಮೇಲೆ ಎರಡು ಕೋಟ್ ಮ್ಯಾಟ್. ಇದಕ್ಕೂ ತೇವ ಆಗುವುದಿಲ್ಲ. ಹಾರ್ಡನರ್‌ಗೆ ನೀರಿನ ಪಸೆ ತಾಗಿದರೆ ಗುಳ್ಳೆ ಏಳುತ್ತದೆ, ಹಾಗಾಗಿ ಆತುರ ಪಡಬಾರದು. ಕಲಸಿದ್ದು ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಬೇಕಾದಷ್ಟೇ ಕಲಸಿ. ಹಾರ್ಡನರ್‌ನ ಹಬೆ ಶ್ವಾಸಕ್ಕೆ ಕೆಟ್ಟದ್ದು. ಸ್ಪ್ರೇ ಬೇಡ. ನಾನು ಅಂಗಳದಲ್ಲಿಟ್ಟು, ಕೆಮಿಕಲ್ ಮಾಸ್ಕ್ ಹಾಕಿ ಬ್ರಶ್‌ನಲ್ಲೇ ಹಚ್ಚಿದೆ. ಬಟ್ಟೆಯ ಮಾಸ್ಕ್ ಸಾಲದು.

ತೂತಿನ ಒಳಅಂಚಿಗೂ ಹಚ್ಚಲೇಬೇಕು, ಪಸೆ ಒಳಗೆ ನುಗ್ಗುವುದು ಅಲ್ಲಿಂದಲೇ. ಆದರೆ ತೆಳ್ಳಗೆ. ನಾನು ದಪ್ಪ ಹಚ್ಚಿ ಬಟನ್ ಇಳಿಯದೆ, ಸ್ಯಾಂಡ್ ಪೇಪರನ್ನು ಸುರುಳಿ ಸುತ್ತಿ ತೂತನ್ನು ಮತ್ತೆ ಉಜ್ಜಬೇಕಾಯಿತು.

ಹೊಳಪಿನ ಪಿಯು ಬೇಡ ಅನ್ನಲು ಕಾರಣ ಸ್ಕ್ರೀನ್. ಹಲಗೆ ಅದರ ಕೆಳಗೇ ಇರುವುದರಿಂದ ಆಟದ ಬೆಳಕೆಲ್ಲ ಅದರ ಮೇಲೆ ಹೊಳೆದು ಕಣ್ಣಿಗೆ ಬರುತ್ತದೆ.

ದುಡ್ಡು ಜಾಸ್ತಿಯೇ, ಮೂರರಲ್ಲಿ ಇದೇ ದುಬಾರಿ. ಹಲಗೆಗೆ ಬೇಕಾದದ್ದು ಒಂದು ಲೋಟದಷ್ಟು, ನಾನು ತಂದದ್ದು ಒಂದು ಲೀಟರ್. ಉಳಿದದ್ದನ್ನು ಅದೇ ವಾರ ಊಟದ ಮೇಜಿಗೆ ಹಚ್ಚಿ ಮುಗಿಸಿದೆ, ತೆರೆದ ಹಾರ್ಡನರ್ ಇಟ್ಟರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಮೇಜೋ ಬಾಗಿಲೋ ಕಾಯುತ್ತಿದ್ದರೆ ಪಿಯು ತನ್ನಿ, ಹಣ ಹಾಳಾಗುವುದಿಲ್ಲ. ಮುಂದೆ ಸವೆದರೆ ಎನ್‌ಸಿಯ ಹಾಗೆ ಒರೆಸಿ ತೆಗೆಯಲು ಬರುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಅದಕ್ಕೆ ನಾನು ತಯಾರಿದ್ದೇನೆ.

ಮೊನ್ನೆಗೆ ಇನ್ನೊಂದು ಮಳೆಗಾಲ ದಾಟಿತು. ರಜೆಯಲ್ಲಿ ಮಕ್ಕಳು ದಿನವೂ ಆಡಿದ್ದಾರೆ. ಬಟನ್‌ನ ಕೆಳಗಿನ ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿದೆ. ಹಳದಿ ಸ್ವಲ್ಪ ಕಂದಿದೆ, ಅದು ಹಲಸಿನ ಸ್ವಭಾವ. ಪಿಯು ಎಲ್ಲೂ ಎದ್ದಿಲ್ಲ.