ಪಲ್ಪಿಂಗ್ ನೀರಿಗೆ ತೆರೆದ ಹೊಂಡವೋ, ಮುಚ್ಚಿದ ಅನಿಲ ಟ್ಯಾಂಕೋ?

ಮಲೆನಾಡಿನ ಪಾರ್ಚ್‌ಮೆಂಟ್ ಕಾಫಿಯನ್ನು (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜ) ಯುರೋಪಿಗೆ ಕೊಳ್ಳುವವರು ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪರಿಸರಸ್ನೇಹಿ ಕೃಷಿಯ ಪ್ರಮಾಣಪತ್ರ ಕೇಳಿದರೆ, ಪಲ್ಪಿಂಗ್ ನೀರನ್ನು (ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು) ಹಾಗೆಯೇ ಹಳ್ಳಕ್ಕೆ ಬಿಡುವಂತಿಲ್ಲ. ಸಕ್ಕರೆ, ಪೆಕ್ಟಿನ್ (ಹಣ್ಣಿನ ಅಂಟು) ತುಂಬಿದ ಆ ನೀರು ಹುಳಿಯೆದ್ದು ಹಳ್ಳದ ಆಮ್ಲಜನಕವನ್ನು ಕಸಿಯುವುದರಿಂದ, ಎರಡೂ ವಿಧಾನಗಳಲ್ಲಿ ಮೊದಲು ಸುಣ್ಣ ಬೆರೆಸಿ ಹುಳಿ ತಗ್ಗಿಸಬೇಕು.

ತೆರೆದ ಹೊಂಡಕ್ಕೆ ಖರ್ಚು ಕಡಿಮೆ, ಜಾಗ ಹೆಚ್ಚು, ದುರ್ವಾಸನೆಯಂತೂ ಇದ್ದದ್ದೇ. ಮಳೆಗಾಲಕ್ಕೆ ಮುನ್ನ ಖಾಲಿಯಾಗದಿದ್ದರೆ ಕೊಪ್ಪದ ಕಡೆಯ ಮಳೆ ಅದನ್ನು ತುಂಗೆಗೆ ಸೇರಿಸುತ್ತದೆ. ಮುಚ್ಚಿದ ಟ್ಯಾಂಕು ಅಡುಗೆಗೆ ಅನಿಲ ಕೊಡುತ್ತದಾದರೂ, ಪಲ್ಪಿಂಗ್ ಕೆಲವೇ ತಿಂಗಳ ಕೆಲಸವಾದ್ದರಿಂದ ಉಳಿದ ಕಾಲ ಅನಿಲ ಉಂಟುಮಾಡುವ ಅದರ ಸೂಕ್ಷ್ಮಜೀವಿಗಳು ಹಸಿದಿರುತ್ತವೆ. ಪ್ರತಿ ಹಂಗಾಮಿನಲ್ಲೂ ಸಗಣಿ ಬಗ್ಗಡ ಹಾಕಿ ನಿಧಾನವಾಗಿ ಎಬ್ಬಿಸಬೇಕು. ದನದ ಕೊಟ್ಟಿಗೆಯಿರುವ ತೋಟಕ್ಕೆ ನಾನು ಟ್ಯಾಂಕನ್ನೇ ಹೇಳುವೆ. ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿ ಮಾರುವವರಿಗೆ ಎರಡೂ ಬೇಡ.