ನೀಲಿ ಕಣ್ಣಿನ ಬಿಳಿ ಗ್ರೇಟ್ ಡೇನ್ ಮರಿ ತರುವ ಮುಂಚೆ ಇದನ್ನು ಓದಿ

ಮೈಯೆಲ್ಲ ಹೆಚ್ಚುಕಮ್ಮಿ ಬೆಳ್ಳಗಿರುವ, ನೀಲಿ ಕಣ್ಣಿನ ಗ್ರೇಟ್ ಡೇನ್ ನಾಯಿಮರಿ ತೋರಿಸಿ "ಅಪರೂಪದ ಬಣ್ಣ ಸಾರ್, ಮತ್ತೆ ಸಿಗಲ್ಲ" ಅಂತ ಯಾರಾದರೂ ಹೇಳಿದರೆ, ದುಡ್ಡು ಕೊಡುವ ಮೊದಲು ಅದರ ತಂದೆ ತಾಯಿಯನ್ನು ನೋಡಿ. ನಮ್ಮಣ್ಣನಿಗೆ ಒಬ್ಬ ಬ್ರೀಡರ್ ಇದೇ ಮಾತು ಹೇಳಿ, ಉಳಿದ ಮರಿಗಳಿಗಿಂತ ಜಾಸ್ತಿ ಬೆಲೆಗೆ ಮಾರಿದ.

ಮರಿ ಬಲು ಮುದ್ದು. ಆದರೆ ಅಡುಗೆಮನೆ ಬಾಗಿಲಲ್ಲೇ ಮಲಗಿದ್ದರೂ ಕುಕ್ಕರ್ ಕೂಗಿದರೆ ಏಳುತ್ತಿರಲಿಲ್ಲ. ಅತ್ತಿಗೆ ಒಂದಿನ ಅದರ ಬೆನ್ನ ಹಿಂದೆ ನಿಂತು ತಟ್ಟೆ ಬಡಿದರು. ಕಿವಿ ಅಲುಗಲಿಲ್ಲ. ನೆಲಕ್ಕೆ ಕಾಲು ಕುಟ್ಟಿದಾಗ ಮಾತ್ರ ತಲೆ ಎತ್ತಿತು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರೆ ಒಂದು ಕಣ್ಣುಗುಡ್ಡೆ ಇನ್ನೊಂದಕ್ಕಿಂತ ಚಿಕ್ಕದು, ಪಾಪೆ ನಡುವೆ ಇರದೆ ಕೆಳಕ್ಕೆ ಜಾರಿದೆ. "ಇದು ಡಬಲ್ ಮರ್ಲ್. ಎರಡೂ ಕಿವಿ ಕೇಳಲ್ಲ" ಅಂದರು.

ಮರ್ಲ್ ಅಂದರೆ ಬೂದು ಮೈಮೇಲೆ ಅಲ್ಲಲ್ಲಿ ಕಪ್ಪು ಮಚ್ಚೆ ಬರುವ ಬಣ್ಣ. ಪಿಎಂಇಎಲ್ ಎಂಬ ಜೀನಿನಲ್ಲಿ ಆಗಿರುವ ಬದಲಾವಣೆ ಇದಕ್ಕೆ ಕಾರಣ ಅಂತ 2006ರಲ್ಲಿ ಗೊತ್ತಾಯಿತು. ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೆ ಮರ್ಲ್ ಆಗುತ್ತದೆ. ಇಬ್ಬರಿಂದಲೂ ಬಂದರೆ ಡಬಲ್ ಮರ್ಲ್. ಮರ್ಲ್‌ಗೆ ಮರ್ಲ್ ಕ್ರಾಸ್ ಮಾಡಿಸಿದರೆ ಸರಾಸರಿ ನಾಲ್ಕಕ್ಕೆ ಒಂದು ಮರಿ ಹೀಗಾಗುತ್ತದೆ. ಅಂಥ ಮರಿಯಲ್ಲಿ ಬಣ್ಣ ಕೊಡುವ ಕೋಶಗಳು ಕಮ್ಮಿ, ಅದಕ್ಕೇ ಮೈ ಬಿಳಿ. ಆ ಕೋಶಗಳು ತುಪ್ಪಳಕ್ಕಷ್ಟೇ ಅಲ್ಲ, ಒಳಕಿವಿಗೂ ಬೇಕು. ಅಲ್ಲಿ ಅವು ಇಲ್ಲದಿದ್ದರೆ, ಸದ್ದು ಹಿಡಿಯುವ ಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ಮತ್ತೆ ಹುಟ್ಟುವುದಿಲ್ಲ. ಔಷಧಿ ಇಲ್ಲ.

ಗ್ರೇಟ್ ಡೇನ್‌ನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಬಿಳಿ ಮೈಮೇಲೆ ಹರಿದ ಬಟ್ಟೆಯಂಥ ಕಪ್ಪು ಮಚ್ಚೆ ಇರುವ ಹಾರ್ಲೆಕ್ವಿನ್ ಎಲ್ಲರಿಗೂ ಇಷ್ಟ ಅಲ್ವಾ? ಆ ಬಣ್ಣಕ್ಕೂ ಮರ್ಲ್ ಇರಲೇಬೇಕು. ಅಣ್ಣನ ಮರಿಯ ತಂದೆ ತಾಯಿ ಇಬ್ಬರೂ ಹಾರ್ಲೆಕ್ವಿನ್. ಕೇಳಿದ್ದರೆ ಬ್ರೀಡರ್ ಹೆಮ್ಮೆಯಿಂದಲೇ ಹೇಳುತ್ತಿದ್ದ.

ಬಿಳಿ ನಾಯಿ ಎಂದರೆ ಸುಮ್ನೆ ಹೆದರಬೇಡಿ. ಪಾಮೇರಿಯನ್, ಸಮೊಯೆಡ್‌ಗಳ ಬಿಳಿಗೆ ಕಾರಣ ಬೇರೆ, ಅವುಗಳ ಕಿವಿಗೆ ಅದರಿಂದ ತೊಂದರೆ ಇಲ್ಲ. ಆದರೆ ಪಾಮೇರಿಯನ್, ಡ್ಯಾಷ್‌ಹಂಡ್, ಕೋಲಿಗಳಲ್ಲೂ ಮರ್ಲ್ ಇದೆ. ಕೆನೆ ಬಣ್ಣದ ನಾಯಿಯಲ್ಲಿ ಅದು ಕಣ್ಣಿಗೆ ಬೀಳದೆಯೂ ಇರಬಹುದು. ಅಂಥ ಕಡೆ ಡಿಎನ್‌ಎ ಪರೀಕ್ಷೆಯ ಕಾಗದ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ಫೋನ್ ಮಾಡಿದ್ದಕ್ಕೆ ಬ್ರೀಡರ್ "ವಾಪಸ್ ತನ್ನಿ, ಬೇರೆ ಮರಿ ಕೊಡ್ತೀನಿ" ಅಂದ. ಅಣ್ಣ ಕೊಡಲಿಲ್ಲ. ಡಬಲ್ ಮರ್ಲ್‌ಗೆ ಹುಟ್ಟುವ ಪ್ರತಿ ಮರಿಗೂ ಮರ್ಲ್ ಬರುತ್ತದೆ. ಹಾಗಾಗಿ ಇಂಥ ನಾಯಿಯನ್ನು ಮರಿ ಹಾಕಿಸಲೆಂದೇ ಇಟ್ಟುಕೊಳ್ಳುವವರಿದ್ದಾರೆ. ಈಗ ಆ ಬ್ರೀಡರ್ ಅದೇ ಹಾರ್ಲೆಕ್ವಿನ್ ಜೋಡಿಯನ್ನು ಮತ್ತೆ ಕ್ರಾಸ್ ಮಾಡಿಸಿದ್ದಾನೆ ಅಂತ ಕೇಳಿದೆ. ಅದಕ್ಕೇ ಇಷ್ಟು ಬರೆದೆ.

ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಮರಿ ಇದ್ದರೆ, ಬೀದಿಯಲ್ಲಿ ಬೆಲ್ಟ್ ಬಿಚ್ಚಬೇಡಿ, ಹಾರ್ನ್ ಅದಕ್ಕೆ ಕೇಳಿಸದು. ಕೈಸನ್ನೆ ಬೇಗ ಕಲಿಯುತ್ತದೆ.