ಹೊಸ ಕೆಲಸ, ಹಳೆ ಡಯಟ್: ಆಫೀಸಿಗೆ ಯಾವ ಊಟದ ಡಬ್ಬಿ ಕೊಳ್ಳಬೇಕು?

ಹೊಸ ಕೆಲಸಕ್ಕೆ ಸೇರಿದವರ ಡಯಟ್ ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ ಕೈಬಿಟ್ಟುಹೋಗುತ್ತದೆ. ಒಂದು ಗಂಟೆಗೆ ಊಟ ಮಾಡುತ್ತಿದ್ದವರು ಮೀಟಿಂಗ್ ಮುಗಿಸಿ ಏಳುವ ಹೊತ್ತಿಗೆ ಎರಡೂವರೆ. ಆಗ ಕ್ಯಾಂಟೀನಿನಲ್ಲಿ ಪಲ್ಯ ಖಾಲಿ, ಅನ್ನ ಸಾಂಬಾರು ಧಾರಾಳ. ಊಟದ ಹೊತ್ತನ್ನು ಹೊಸಬರು ತಾವೇ ಗೊತ್ತುಮಾಡುವಂತಿಲ್ಲ, ಆದರೆ ಅಳತೆಯನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಬರಬಹುದು. ಅದಕ್ಕೆ ಬೇಕಾದದ್ದು ಸರಿಯಾದ ಡಬ್ಬಿ. ತೂಕ ಇಳಿಸಲು ಹೊರಟವರನ್ನೂ ಸಕ್ಕರೆ ಕಾಯಿಲೆಗೆ ಪಥ್ಯ ಮಾಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗಳಲ್ಲಿ ಸಿಗುವ ಮೂರು ಬಗೆಯ ಡಬ್ಬಿಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಪ್ಲಾಸ್ಟಿಕ್ ಕವಚದೊಳಗೆ ಸ್ಟೀಲ್ ಬಟ್ಟಲುಗಳಿರುವ ಸಾಮಾನ್ಯ ಇನ್ಸುಲೇಟೆಡ್ ಟಿಫಿನ್ ಒಂದು, ಎರಡು ಗೋಡೆಯ ವ್ಯಾಕ್ಯೂಮ್ ಸ್ಟೀಲ್ ಡಬ್ಬಿ ಇನ್ನೊಂದು, ಪ್ಲಗ್ ಹಾಕಿ ಬಿಸಿಮಾಡುವ ಎಲೆಕ್ಟ್ರಿಕ್ ಡಬ್ಬಿ ಮತ್ತೊಂದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸಕ್ಕೆ ಸೇರುವ ಮುಂಚೆ ಕೊಳ್ಳುವುದಾದರೆ ವ್ಯಾಕ್ಯೂಮ್ ಡಬ್ಬಿ. ಆಫೀಸಿನಲ್ಲಿ ಫ್ರಿಜ್ ಇದೆ, ಪ್ಲಗ್ ಹಾಕಲು ಅನುಮತಿಯೂ ಇದೆ ಎಂದು ಖಚಿತವಾದ ಮೇಲೆ ಎಲೆಕ್ಟ್ರಿಕ್. ಸಾಮಾನ್ಯ ಇನ್ಸುಲೇಟೆಡ್ ಟಿಫಿನ್ ಬೆಲೆಯಲ್ಲಿ ಅಗ್ಗ, ಆದರೆ ಬೆಳಗ್ಗೆ ಏಳೂವರೆಗೆ ಮನೆ ಬಿಟ್ಟು ಮಧ್ಯಾಹ್ನ ಒಂದೂವರೆಗೆ ಉಣ್ಣುವವರಿಗೆ ಅದನ್ನು ನಾವು ಹೇಳುವುದಿಲ್ಲ.

ಯಾವ ಡಬ್ಬಿಯನ್ನೇ ಕೊಳ್ಳಿ, ಮೊದಲು ನೋಡಬೇಕಾದದ್ದು ಎಷ್ಟು ಮಿಲಿಲೀಟರ್ ಎಂಬುದನ್ನು. ಬಣ್ಣ, ಬ್ಯಾಗು, ಚಮಚ ಎಲ್ಲ ಆಮೇಲೆ. 300 ಮಿ.ಲೀ. ಬಟ್ಟಲಿಗೆ ಅನ್ನವನ್ನು ಒತ್ತದೆ ತುಂಬಿದರೆ ಸುಮಾರು 200 ಗ್ರಾಂ ಹಿಡಿಯುತ್ತದೆ, ಅಂದರೆ 260 ಕ್ಯಾಲೊರಿಯ ಆಸುಪಾಸು. ಅದೇ ಅನ್ನವನ್ನು ಸೌಟಿನಿಂದ ಒತ್ತಿ ತುಂಬಿದರೆ ಕಾಲು ಭಾಗ ಹೆಚ್ಚು ಕೂರುತ್ತದೆ. 500 ಮಿ.ಲೀ. ಬಟ್ಟಲನ್ನು ಕೊಂಡವರು ಅದನ್ನು ಅರ್ಧಕ್ಕೆ ನಿಲ್ಲಿಸುವುದು ಅಪರೂಪ. ಡಬ್ಬಿ ತುಂಬದಿದ್ದರೆ ಕಟ್ಟಿಕೊಡುವ ಅಮ್ಮನಿಗೂ ಸಮಾಧಾನವಿರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ ಸಾಕು. ಇವೆಲ್ಲ ಬೇಯಿಸುವ ಮುಂಚಿನ ತೂಕ. ಧಾನ್ಯವನ್ನು ಮೂರು ಹೊತ್ತಿಗೆ ಹಂಚಿದರೆ ಮಧ್ಯಾಹ್ನಕ್ಕೆ 80 ಗ್ರಾಂ ಬರುತ್ತದೆ. ತೂಕ ಇಳಿಸುವವರು 70 ಗ್ರಾಂ ಅಕ್ಕಿಗೆ ನಿಂತರೆ ಬೇಯುವಾಗ ಅದು ಸುಮಾರು 200 ಗ್ರಾಂ ಅನ್ನವಾಗಿ 300ರ ಬಟ್ಟಲಿಗೆ ಸರಿಯಾಗಿ ಕೂರುತ್ತದೆ. ಹಾಗಾಗಿ ನಮ್ಮ ಶಿಫಾರಸು 300 ಮಿ.ಲೀ.ಯ ಮೂರು ಬಟ್ಟಲು: ಒಂದರಲ್ಲಿ ಅನ್ನ ಅಥವಾ ಸಿರಿಧಾನ್ಯ, ಒಂದರಲ್ಲಿ ಕಾಳಿನ ಸಾರು, ಒಂದರಲ್ಲಿ ಪಲ್ಯ. ದೊಡ್ಡ ಬಟ್ಟಲೊಂದು ಇರುವ ಸೆಟ್ ಸಿಕ್ಕರೆ ಅದು ಪಲ್ಯಕ್ಕಿರಲಿ, ಅನ್ನಕ್ಕೆ ಬೇಡ.

ಈಗ ವ್ಯಾಕ್ಯೂಮ್ ಡಬ್ಬಿ. ಎರಡು ಸ್ಟೀಲ್ ಗೋಡೆಗಳ ನಡುವಿನ ಗಾಳಿಯನ್ನು ತೆಗೆದಿರುವುದರಿಂದ ಶಾಖ ಹೊರಹೋಗುವ ಮುಖ್ಯ ದಾರಿ ಮುಚ್ಚಳ ಒಂದೇ. ಹಾಗಾಗಿ ಮುಚ್ಚಳ ದಪ್ಪಗಿರಬೇಕು, ಒಳಗೆ ಸಿಲಿಕಾನ್ ವಾಷರ್ ಬಿಗಿಯಾಗಿ ಕೂರಬೇಕು. ಬಹಳ ಮಂದಿ ಊಟ ತಣ್ಣಗಾಗುತ್ತದೆ ಎಂದು ದೂರುವುದು ತುಂಬುವ ಕ್ರಮ ಗೊತ್ತಿಲ್ಲದೆ. ತಣ್ಣನೆ ಸ್ಟೀಲಿಗೆ ನೇರವಾಗಿ ಸಾರು ಸುರಿದರೆ ಮೊದಲ ಶಾಖವನ್ನೆಲ್ಲ ಆ ಸ್ಟೀಲೇ ನುಂಗುತ್ತದೆ. ಕುದಿಯುವ ನೀರನ್ನು ಡಬ್ಬಿಯ ತುಂಬ ಹಾಕಿ, ಮುಚ್ಚಿ, ಹತ್ತು ನಿಮಿಷ ಬಿಡಿ. ನೀರು ಚೆಲ್ಲಿದ ಕೂಡಲೇ ಒಲೆಯಿಂದ ಇಳಿಸಿದ ಸಾರನ್ನು ಹೊಗೆಯಾಡುವಾಗಲೇ ತುಂಬಿ ಮುಚ್ಚಿ. ಕಂಠದ ಕೆಳಗೆ ಬೆರಳಗಲ ಜಾಗ ಬಿಟ್ಟರೆ ಸಾಕು. ಅರ್ಧ ತುಂಬಿದ ಡಬ್ಬಿಯಲ್ಲಿ ಖಾಲಿ ಜಾಗವನ್ನು ಬಿಸಿಯಾಗಿಡಲು ಊಟದ ಶಾಖವೇ ಖರ್ಚಾಗಿ ಬೇಗ ಆರುತ್ತದೆ. ಅಳತೆ ಕಡಿಮೆ ಮಾಡಿದವರು ಹಳೆಯ ದೊಡ್ಡ ಡಬ್ಬಿಯನ್ನೇ ಒಯ್ದರೆ ಊಟ ತಣ್ಣಗಾಗುವುದು ಇದಕ್ಕೇ. ಡಯಟ್‌ನ ಅಳತೆಗೂ ಶಾಖ ಉಳಿಯುವುದಕ್ಕೂ ಒಂದೇ ಉತ್ತರ: ತುಂಬಿ ತೆಗೆದುಕೊಂಡು ಹೋಗುವಷ್ಟು ಚಿಕ್ಕ ಡಬ್ಬಿ.

ಬಿಸಿ ಉಳಿಯುವುದು ರುಚಿಗಷ್ಟೇ ಮುಖ್ಯವಲ್ಲ. ಬೆಂದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಉಗುರುಬೆಚ್ಚಗಿನಲ್ಲಿ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣಗಳು ಬೇಯಿಸಿದರೂ ಸಾಯದೆ ಉಳಿಯುತ್ತವೆ. ಅದು ಬಿಡುವ ವಾಂತಿ ತರಿಸುವ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಸಾಮಾನ್ಯ ಇನ್ಸುಲೇಟೆಡ್ ಟಿಫಿನ್ ಬಗ್ಗೆ ನಮ್ಮ ತಕರಾರು ಇರುವುದು ಇಲ್ಲೇ. ಅದು ಊಟವನ್ನು ಎರಡು ಮೂರು ಗಂಟೆ ಬಿಸಿಯಾಗಿಟ್ಟು ಉಳಿದ ಮೂರು ಗಂಟೆ ಉಗುರುಬೆಚ್ಚಗೆ ಇಡುತ್ತದೆ. ಮನೆಗೆ ಹತ್ತಿರದ ಶಾಲೆ, ಅಂಗಡಿಯಲ್ಲಿ ಕೆಲಸ ಮಾಡಿ ಹನ್ನೊಂದೂವರೆಗೆಲ್ಲ ಉಣ್ಣುವವರಿಗೆ ಅದು ಸಾಕು. ಪುಳಿಯೋಗರೆಯ ಹುಣಸೆಹುಳಿ, ಚಿತ್ರಾನ್ನದ ನಿಂಬೆ ತಕ್ಕಮಟ್ಟಿಗೆ ಕಾಪಾಡುತ್ತವೆ. ಹಿಂದಿನವರು ಪ್ರಯಾಣಕ್ಕೆ ಪುಳಿಯೋಗರೆ ಕಟ್ಟುತ್ತಿದ್ದದ್ದು ತಿಳಿದೇ. ಆದರೆ ಡಯಟ್ ಮಾಡುವವರು ಎಣ್ಣೆ ಸುರಿದ ಆ ಗೊಜ್ಜನ್ನು ದಿನವೂ ತಿನ್ನುವಂತಿಲ್ಲ.

ಎಲೆಕ್ಟ್ರಿಕ್ ಡಬ್ಬಿಗಳಲ್ಲಿ ಎರಡು ಜಾತಿ. ತಳದ ತಟ್ಟೆ ಬಿಸಿಯಾಗಿ ಬಟ್ಟಲನ್ನು ಕಾಯಿಸುವುದು ಒಂದು, ತಳಕ್ಕೆ ಸ್ವಲ್ಪ ನೀರು ಹಾಕಿ ಹಬೆಯಲ್ಲಿ ಕಾಯಿಸುವುದು ಇನ್ನೊಂದು. ಪೆಟ್ಟಿಗೆಯ ಮೇಲೆ ವ್ಯಾಟ್ ಎಷ್ಟೆಂದು ಓದಿ, ಅದೇ ಇದರ ಜಾತಕ. ಸುಮಾರು 700 ಗ್ರಾಂ ಊಟವನ್ನು ಕೋಣೆಯ ಶಾಖದಿಂದ 65 ಡಿಗ್ರಿಗೆ ಏರಿಸಲು 60 ವ್ಯಾಟಿನ ಡಬ್ಬಿಗೆ ಮುಕ್ಕಾಲು ಗಂಟೆಯಾದರೂ ಬೇಕು, 300 ವ್ಯಾಟಿನದಕ್ಕೆ ಕಾಲು ಗಂಟೆ ಸಾಕು. ಫ್ರಿಜ್‌ನಿಂದ ತೆಗೆದ ಊಟವಾದರೆ ಇನ್ನೂ ಸ್ವಲ್ಪ ಹೆಚ್ಚು. ಕಡಿಮೆ ವ್ಯಾಟಿನದು ಕೆಟ್ಟದ್ದೇನಲ್ಲ, ಆದರೆ ಹನ್ನೆರಡೂಕಾಲಕ್ಕೇ ಸ್ವಿಚ್ ಹಾಕಲು ನೆನಪಿರಬೇಕು. ಹೊಸ ಕೆಲಸದಲ್ಲಿ ಆ ಹೊತ್ತಿಗೆ ಯಾರ ಪಕ್ಕದಲ್ಲಿ ಕೂತು ಏನು ಕಲಿಯುತ್ತಿರುತ್ತೀರೋ ಹೇಳಲಾಗದು. ತಟ್ಟೆ ಕಾಯುವ ಡಬ್ಬಿಗಳಲ್ಲಿ ಕೆಳಗಿನ ಬಟ್ಟಲು ಸುಡುವಷ್ಟು ಬಿಸಿ, ಮೇಲಿನದು ಬೆಚ್ಚಗೆ ಮಾತ್ರ. ಸಾರನ್ನು ಯಾವಾಗಲೂ ಕೆಳಗಿಡಿ. ಹಬೆಯ ಡಬ್ಬಿ ಎಲ್ಲ ಬಟ್ಟಲುಗಳನ್ನೂ ಹೆಚ್ಚುಕಡಿಮೆ ಸಮನಾಗಿ ಕಾಯಿಸುತ್ತದೆ, ಅನ್ನ ಮೆತ್ತಗಾಗುತ್ತದೆ. ನಮ್ಮ ಒಲವು ಹಬೆಯದರ ಕಡೆಗೆ.

ಎಲೆಕ್ಟ್ರಿಕ್ ಡಬ್ಬಿ ಕೊಂಡವರಲ್ಲಿ ಹೆಚ್ಚಿನವರು ಬೆಳಗ್ಗೆ ಮಾಡಿದ ಬಿಸಿ ಅಡುಗೆ ತುಂಬಿಕೊಂಡು ಹೋಗಿ, ಮೇಜಿನ ಕೆಳಗಿಟ್ಟು, ಮಧ್ಯಾಹ್ನ ಪ್ಲಗ್ ಹಾಕುತ್ತಾರೆ. ಅದರಲ್ಲಿ ಶಾಖ ಹಿಡಿದಿಡುವ ಗೋಡೆಯೇ ಇರುವುದಿಲ್ಲ. ಐದು ಗಂಟೆ ಉಗುರುಬೆಚ್ಚಗಿದ್ದ ಅನ್ನವನ್ನು ಆಮೇಲೆ ಕಾಯಿಸಿದರೆ ಆಗಲೇ ಹೇಳಿದ ವಿಷ ಹಾಗೇ ಉಳಿದಿರಬಹುದು. ಇದರ ಸರಿಯಾದ ಬಳಕೆ ತಣ್ಣನೆ ಊಟಕ್ಕೆ. ರಾತ್ರಿ ಮಾಡಿದ ಅಡುಗೆಯನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಅಲ್ಲಿಂದ ನೇರವಾಗಿ ಬ್ಯಾಗಿಗೆ, ಆಫೀಸು ತಲುಪಿದ ಕೂಡಲೇ ಪ್ಯಾಂಟ್ರಿಯ ಫ್ರಿಜ್‌ಗೆ, ಊಟಕ್ಕೆ ಮುಂಚೆ ಪ್ಲಗ್‌ಗೆ. ಪ್ರಯಾಣ ಎರಡು ಗಂಟೆ ದಾಟುವವರು ಬ್ಯಾಗಿನಲ್ಲಿ ಒಂದು ಐಸ್ ಪ್ಯಾಕ್ ಇಟ್ಟುಕೊಳ್ಳಬೇಕು. ಬೆಳಗ್ಗೆ ಬೇಗ ಎದ್ದು ಅಡುಗೆ ಮಾಡಲಾಗದವರಿಗೆ ಈ ಕ್ರಮ ನಿಜಕ್ಕೂ ವರ.

ಪ್ಲಗ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಆಫೀಸಿನ ಮೇಜಿನಲ್ಲಿ ಕಂಪ್ಯೂಟರಿಗೆಂದು ಇರುವ ಸಾಕೆಟ್‌ಗಳು, ಹಲವು ಕಡೆ ಕೆಂಪು ಬಣ್ಣದವು, ಯುಪಿಎಸ್ ಮೇಲಿರುತ್ತವೆ. ಕಾಯಿಸುವ ಸಾಮಾನನ್ನು ಅದಕ್ಕೆ ಹಾಕಿದರೆ ಯುಪಿಎಸ್ ಮೇಲೆ ಭಾರ ಬಿದ್ದು ಇಡೀ ಸಾಲು ನಿಂತುಹೋಗಬಹುದು. ಸೇರಿದ ವಾರದಲ್ಲೇ ಆ ಹೆಸರು ಬೇಡ. ಹಲವು ಕಂಪನಿಗಳಲ್ಲಿ ಮೇಜಿನ ಬಳಿ ಹೀಟರ್ ಬಳಸುವುದಕ್ಕೇ ನಿಷೇಧವಿದೆ. ಫೆಸಿಲಿಟಿ ವಿಭಾಗದವರನ್ನು "ಪ್ಯಾಂಟ್ರಿಯಲ್ಲಿ ಎಲೆಕ್ಟ್ರಿಕ್ ಡಬ್ಬಿಗೆ ಪ್ಲಗ್ ಹಾಕಬಹುದಾ ಸರ್?" ಎಂದು ಕೇಳಿ, ಹೌದೆಂದ ಮೇಲೆ ದುಡ್ಡು ಹಾಕಿ. ಪ್ಯಾಂಟ್ರಿಯಲ್ಲಿ ಮೈಕ್ರೋವೇವ್ ಒಂದೇ ಇದ್ದರೆ ಈ ಮೂರರಲ್ಲಿ ಯಾವುದೂ ಅದರೊಳಗೆ ಹೋಗುವಂತಿಲ್ಲ. ಅದಕ್ಕೆ ಬೋರೋಸಿಲಿಕೇಟ್ ಗಾಜಿನ ಡಬ್ಬಿಯೇ ಬೇಕು. ಬೇಯಿಸಿದ ಇಡೀ ಮೊಟ್ಟೆಯನ್ನು ಮಾತ್ರ ಮೈಕ್ರೋವೇವ್‌ಗೆ ಹಾಕಬೇಡಿ, ಒಳಗೆ ಹಬೆ ಸಿಕ್ಕಿಕೊಂಡು ಸಿಡಿಯುತ್ತದೆ.

ಏನು ಕಟ್ಟಬೇಕು ಎಂಬುದರ ಮೇಲೆ ಡಬ್ಬಿಯ ಅರ್ಧ ಗುಣ ನಿಂತಿದೆ. ನವಣೆ, ಸಾಮೆ ಅನ್ನ ಆರಿದ ಮೇಲೆ ಉದುರುದುರಾಗಿ ಗಂಟಲಿಗೆ ಒತ್ತುತ್ತದೆ. ಮಾಡುವಾಗಲೇ ಮಾಮೂಲಿಗಿಂತ ಅರ್ಧ ಲೋಟ ನೀರು ಹೆಚ್ಚಿಡಿ, ಎಲೆಕ್ಟ್ರಿಕ್‌ನಲ್ಲಿ ಕಾಯಿಸುವ ಮುಂಚೆ ಎರಡು ಚಮಚ ನೀರು ಚಿಮುಕಿಸಿ. ಮುದ್ದೆ ಮೂರರಲ್ಲೂ ಕಷ್ಟ: ಆರಿದರೆ ಮೇಲ್ಮೈ ಗಟ್ಟಿಯಾಗುತ್ತದೆ, ತಟ್ಟೆಯ ಶಾಖದಲ್ಲಿ ತಳ ಒಣಗುತ್ತದೆ. ಬಿಡಲಾರದವರು ಚಿಕ್ಕ ಮುದ್ದೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಬೆಯ ಡಬ್ಬಿಯಲ್ಲಿ ಕಾಯಿಸಬೇಕು. ಇಲ್ಲದಿದ್ದರೆ ಮುದ್ದೆ ರಾತ್ರಿಗಿರಲಿ, ಆಫೀಸಿಗೆ ರಾಗಿ ದೋಸೆ ಸಾಕು. ಚಪಾತಿಯನ್ನು ಹಬೆಯ ಡಬ್ಬಿಯಲ್ಲಿಟ್ಟರೆ ನೀರಾಗುತ್ತದೆ, ಬಟ್ಟೆಯಲ್ಲಿ ಸುತ್ತಿ ಹೊರಗೇ ಒಯ್ಯಿರಿ. ಎಲ್ಲಕ್ಕಿಂತ ಸುಲಭ ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ. ಕಾಯಿಸುವ ಹಂಗಿಲ್ಲ, ಎಣ್ಣೆ ಇಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಅದರ ಜತೆಗಿನ ಶೇಂಗಾ ಚಟ್ನಿಪುಡಿಯನ್ನು ಮಾತ್ರ ಅಳೆದು ಹಾಕಿಕೊಳ್ಳಿ, ಒಂದು ದೊಡ್ಡ ಚಮಚಕ್ಕೇ ಸುಮಾರು 80 ಕ್ಯಾಲೊರಿ.

ಮಧ್ಯಾಹ್ನದ ಪ್ರೋಟೀನ್ ಕಡಿಮೆಯಾದರೆ ನಾಲ್ಕು ಗಂಟೆಗೆ ಹಸಿವು ಬರುತ್ತದೆ. ತಿಳಿಸಾರಿನಿಂದ ಆ ಕೆಲಸ ಆಗುವುದಿಲ್ಲ. 40 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಿಂದ 9 ಗ್ರಾಂನಷ್ಟು ಪ್ರೋಟೀನ್, ಎರಡು ಮೊಟ್ಟೆಯಿಂದ 12 ಗ್ರಾಂ, 200 ಗ್ರಾಂ ಮೊಸರಿನಿಂದ ಆರೇಳು ಗ್ರಾಂ. ಇವುಗಳಲ್ಲಿ ಎರಡಾದರೂ ಡಬ್ಬಿಯಲ್ಲಿರಲಿ. ಮೊಸರನ್ನು ಬಿಸಿ ಬಟ್ಟಲುಗಳ ಜತೆ ಇಟ್ಟರೆ ಒಡೆದು ನೀರು ಬಿಡುತ್ತದೆ, ಬೇರೆ ಚಿಕ್ಕ ಡಬ್ಬಿ ಬೇಕು. ಕೋಸಂಬರಿಗೂ ಹಾಗೆಯೇ. ಉಪ್ಪು, ನಿಂಬೆಯನ್ನು ಬೆಳಗ್ಗೆಯೇ ಬೆರೆಸಿದರೆ ಸೌತೆಕಾಯಿ ನೀರೊಡೆಯುತ್ತದೆ. ಉಣ್ಣುವಾಗ ಬೆರೆಸಿ.

ಈ ಮುಖ್ಯ ಡಬ್ಬಿಯ ಜತೆಗೆ 100 ಮಿ.ಲೀ.ಯ ಇನ್ನೊಂದು ಪುಟ್ಟ ಡಬ್ಬಿ ಕೊಳ್ಳಿ, ಬೆಲೆ ಅತಿ ಕಡಿಮೆ, ಉಪಕಾರ ಅತಿ ಹೆಚ್ಚು. ಅದರಲ್ಲಿ 30 ಗ್ರಾಂ ಹುರಿಗಡಲೆ ಇಟ್ಟರೆ ಆರೂವರೆ ಗ್ರಾಂ ಪ್ರೋಟೀನ್, 120 ಕ್ಯಾಲೊರಿಗಿಂತ ಕಡಿಮೆ. ಯಾರದೋ ಹುಟ್ಟುಹಬ್ಬಕ್ಕೆ ಬರುವ ಒಂದು ಸಮೋಸ ಸುಮಾರು 250. ಮೀಟಿಂಗ್ ಎಳೆದರೂ ಇದು ಕೈಗೆಟುಕುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ಅವರು ಹೊಸ ಕೆಲಸದ ಊಟದ ಹೊತ್ತನ್ನು ಡಾಕ್ಟರಿಗೆ ತಿಳಿಸಿ ಔಷಧಿಯ ಹೊತ್ತು ಸರಿಮಾಡಿಸಿಕೊಳ್ಳಲೇಬೇಕು. ಕಡಲೆಯಿಂದ ಸಕ್ಕರೆ ಬೇಗ ಏರುವುದಿಲ್ಲವಾದ್ದರಿಂದ ಬೆವರು, ನಡುಕ ಶುರುವಾದರೆ ಬಳಸಲು ಗ್ಲೂಕೋಸ್ ಪುಡಿ ಜೇಬಿನಲ್ಲಿರಲಿ. ಮೆಷಿನ್ ಕಾಫಿಯ ಪ್ರೀಮಿಕ್ಸ್‌ನಲ್ಲಿ ಹೆಚ್ಚಾಗಿ ಸಕ್ಕರೆ ಬೆರೆತೇ ಬಂದಿರುತ್ತದೆ, ಬೇಡವೆಂದರೂ ತೆಗೆಯಲಾಗದು. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ ಟೀ ಬೇಡವೆಂದು ಅದೇ ಮಾರ್ಗಸೂಚಿ ಹೇಳುತ್ತದೆ, ಅವುಗಳಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಸ್ಟೀಲ್ 304 ಎಂದು ಬರೆದಿದೆಯೇ ನೋಡಿ. ಅದರಲ್ಲಿ 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುವುದರಿಂದ ಹುಳಿ ಉಪ್ಪಿಗೆ ಬೇಗ ತುಕ್ಕು ಹಿಡಿಯದು. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ, ದಿನವೂ ಸಾರು ತುಂಬಿದರೆ ಅಂಚಿನಲ್ಲಿ ಕಂದು ಚುಕ್ಕೆ ಏಳುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಿಬಿಡಬೇಡಿ, ಸಾಮಾನ್ಯವಾಗಿ 304ಕ್ಕೂ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಬಟ್ಟಲಿಗೆ ನೀರು ತುಂಬಿ ಮುಚ್ಚಿ ತಲೆಕೆಳಗು ಹಿಡಿದು ಅರ್ಧ ನಿಮಿಷ ನೋಡಲು ಅಂಗಡಿಯಲ್ಲೇ ಕೇಳಿ. ಸೋರಿದರೆ ಬೇರೆ ತೆಗೆಸಿ. ವಾಷರ್ ಬೆರಳಿನಿಂದ ಸುಲಭವಾಗಿ ಬಿಚ್ಚಿ ಬರಬೇಕು, ಇಲ್ಲದಿದ್ದರೆ ಅದರ ಹಿಂದೆ ಸಾರಿನ ಜಿಡ್ಡು ಕೂತು ವಾರದೊಳಗೆ ಮುಚ್ಚಳ ನಾರುತ್ತದೆ. ದಿನವೂ ಬಿಚ್ಚಿ ತೊಳೆದು, ಪೂರಾ ಒಣಗಿಸಿ ಹಾಕಿ. ಬಿಡಿ ವಾಷರ್ ಸಿಗುವ ಮಾಡೆಲ್‌ ಆದರೆ ಕೊಳ್ಳುವಾಗಲೇ ಒಂದು ಹೆಚ್ಚಿಗೆ ತೆಗೆದುಕೊಂಡಿರಿ. ಎಲೆಕ್ಟ್ರಿಕ್ ಡಬ್ಬಿಯ ತಳವನ್ನು ನೀರಿನಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ವೈರ್ ಬೇರೆ ಬಿಚ್ಚುವಂಥದ್ದಾದರೆ ಅದರ ತುದಿ ಮಾಮೂಲಿ ಅಂಗಡಿಯಲ್ಲಿ ಸಿಗುವ ಮಾದರಿಯದೇ ಎಂದು ಬಿಲ್ ಮಾಡಿಸುವ ಮುಂಚೆ ನೋಡಿಕೊಳ್ಳಿ.